ಕೊರಿಂಥದವರಿಗೆ ಏನು ಕಡಿಮೆಯಾಗಿತ್ತು?

ತರೀಕೆರೆ,
ಸೆಪ್ಟೆಂಬರ್ ಮೊದಲ ವಾರ

ಪ್ರೀತಿಯ ಪುಟ್ಟಿಗೆ,

ಅಜ್ಜಿಯ ಮಂಡಿನೋವು ಮಳೆ ಬಿಡುವವರೆಗೆ ಹೀಗೇ ಎಂದು ಡಾಕ್ಟರು ಹೇಳಿದ್ದಾರೆ. ಮೊಮ್ಮಗಳು ನರ್ಸಿಂಗ್ ಮುಗಿಸಿ ಬಂದು ನೋಡಿದರೆ ಮಾತ್ರ ವಾಸಿಯಾಗುತ್ತದೆ ಎಂಬುದು ಅವಳ ವಾದ. ಇಬ್ಬರಲ್ಲಿ ಯಾರ ಮಾತು ಸರಿ ಎಂದು ಕಾದು ನೋಡೋಣ.

ವಾಟ್ಸಾಪಿನಲ್ಲಿ ನೀನು ಬರೆದದ್ದನ್ನು ಓದಿದೆ. ಬೆರಳಲ್ಲಿ ಕುಟ್ಟಿ ಉತ್ತರ ಕಳಿಸುವ ವಿಷಯವಲ್ಲ, ಅದಕ್ಕೇ ಕಾಗದ ಹಿಡಿದೆ. ಹಾಸ್ಟೆಲಿನ ಪ್ರಾರ್ಥನಾ ಕೂಟದಲ್ಲಿ ಹಿರಿಯ ಅಕ್ಕನೊಬ್ಬಳು ನಿನಗೆ ಅನ್ಯಭಾಷೆಯ ವರ ಸಿಕ್ಕಿದೆಯಾ ಎಂದು ಕೇಳಿದಳು, ನೀನು ಇಲ್ಲ ಎಂದೆ, ಅವಳು ‘ಹಾಗಾದರೆ ನೀನಿನ್ನೂ ಹಾಲು ಕುಡಿಯುವ ಕೂಸು’ ಎಂದಳು. ನೀನು ಕೋಣೆಗೆ ಬಂದು ಅತ್ತೆ. ಕೂಸಾಗಿದ್ದಾಗ ದೀಕ್ಷಾಸ್ನಾನ, ಆಮೇಲೆ ಭಾನುವಾರ ಶಾಲೆ, ಅಯ್ಯನವರ ಹತ್ತಿರ ಕಲಿತು ದೃಢೀಕರಣ, ಇಷ್ಟೆಲ್ಲ ಆದ ಮೇಲೂ ನಾನು ಬೆಳೆದೇ ಇಲ್ಲವಾ ತಾತ ಎಂದು ಕೇಳಿದ್ದೀಯ. ಅಳುವಂಥದ್ದೇನಲ್ಲ ಮಗಳೇ. ಆದರೆ ಪ್ರಶ್ನೆ ಒಳ್ಳೆಯದು. ನಮ್ಮ ಸಭೆಗಳಲ್ಲಿ ಅರವತ್ತು ದಾಟಿದವರೂ ಅದನ್ನು ತಮ್ಮನ್ನು ತಾವು ಕೇಳಿಕೊಳ್ಳದೆ ಕಾಲ ಕಳೆಯುತ್ತಾರೆ.

ಮೊದಲು ಆ ಹಾಲಿನ ವಿಚಾರ. ಅದು ಅವಳ ಸ್ವಂತ ಮಾತಲ್ಲ, ವೇದದ್ದು. ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ ತೆಗೆದು ನೋಡು. ಇಷ್ಟು ಹೊತ್ತಿಗೆ ಬೇರೆಯವರಿಗೆ ಕಲಿಸಬೇಕಾಗಿದ್ದವರು ಇನ್ನೂ ಮೂಲಪಾಠದಲ್ಲೇ ಇದ್ದಾರಲ್ಲ ಎಂಬ ಬೇಸರ ಅಲ್ಲಿದೆ. ಗಟ್ಟಿ ಆಹಾರ ಯಾರಿಗೆ ಎಂದರೆ, ಅಭ್ಯಾಸದಿಂದ ಒಳ್ಳೆಯದು ಕೆಟ್ಟದ್ದನ್ನು ಗುರುತು ಹಿಡಿಯಲು ಪಳಗಿದವರಿಗೆ. ಅಷ್ಟೇ. ಕೂಟದಲ್ಲಿ ಏನು ಅನುಭವವಾಯಿತು, ಬಾಯಿಂದ ಯಾವ ಭಾಷೆ ಬಂತು ಎಂಬ ಸುದ್ದಿಯೇ ಅಲ್ಲಿಲ್ಲ.

ಅದೇ ಹಾಲಿನ ಮಾತು ಇನ್ನೊಂದು ಕಡೆ ಬರುತ್ತದೆ, ಕೊರಿಂಥದವರಿಗೆ ಪೌಲ ಬರೆದ ಮೊದಲನೆಯ ಪತ್ರಿಕೆಯಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಓದು. ಕೊರಿಂಥ ಎರಡು ಕಡೆ ಬಂದರು ಇದ್ದ ವ್ಯಾಪಾರದ ಪಟ್ಟಣ, ದುಡ್ಡು ಓಡಾಡುವ ಊರು. ಅಲ್ಲಿನ ಸಭೆಗೆ ವರಗಳ ಕೊರತೆ ಇರಲಿಲ್ಲ. ಅನ್ಯಭಾಷೆ ಇತ್ತು, ಪ್ರವಾದನೆ ಇತ್ತು, ಜ್ಞಾನದ ಮಾತಿತ್ತು. ಯಾವ ವರದಲ್ಲೂ ನೀವು ಹಿಂದೆ ಬಿದ್ದಿಲ್ಲ ಎಂದು ಪೌಲನೇ ಮೊದಲ ಅಧ್ಯಾಯದಲ್ಲಿ ಒಪ್ಪುತ್ತಾನೆ. ಆದರೆ ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಜನರನ್ನು ಕೂಸುಗಳು ಎನ್ನುತ್ತಾನೆ. ಯಾಕೆ? ಹೊಟ್ಟೆಕಿಚ್ಚು ಮತ್ತು ಜಗಳ. ಪೌಲನ ಪಕ್ಷ, ಅಪೊಲ್ಲೋಸನ ಪಕ್ಷ, ಕೇಫನ ಪಕ್ಷ. ಆರನೆಯ ಅಧ್ಯಾಯಕ್ಕೆ ಹೋದರೆ ಸಹೋದರರು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದಾರೆ. ಹನ್ನೊಂದನೆಯದರಲ್ಲಿ ಕರ್ತನ ಭೋಜನಕ್ಕೆ ಕೂಡಿದಾಗ ಅನುಕೂಲಸ್ಥರು ತಮ್ಮದನ್ನು ತಾವು ಮೊದಲೇ ಉಂಡು ಮುಗಿಸುತ್ತಾರೆ, ಇಲ್ಲದವರು ಹಸಿದೇ ಕೂರುತ್ತಾರೆ. ಎಲ್ಲ ವರಗಳೂ ಇದ್ದ ಸಭೆ, ಎದುರಿಗೆ ಹಸಿದು ಕೂತವನು ಕಣ್ಣಿಗೆ ಕಾಣದ ಸಭೆ.

ಹಾಗೆಂದು ಪೌಲ ಅನ್ಯಭಾಷೆಯನ್ನು ಹೀಗಳೆಯುವುದಿಲ್ಲ. ತನಗೆ ಆ ವರ ಅವರೆಲ್ಲರಿಗಿಂತ ಹೆಚ್ಚಾಗಿಯೇ ಇದೆ ಎನ್ನುತ್ತಾನೆ. ಆದರೂ ಸಭೆಯಲ್ಲಿ ಅರ್ಥವಾಗುವ ನಾಲ್ಕೈದು ಮಾತು ಸಾಕು ಎಂಬುದು ಅವನ ತೀರ್ಮಾನ. ಆದ್ದರಿಂದ ನೀನೂ ಆ ಅಕ್ಕನನ್ನು ಹೀಗಳೆಯಬೇಡ. ಅವಳ ಹಾಡು, ಪ್ರಾರ್ಥನೆ ನಿನ್ನ ಮನಸ್ಸಿಗೆ ಬಲ ಕೊಡುವುದಾದರೆ ಕೂಟಕ್ಕೆ ಹೋಗು. ಆದರೆ ನಿನ್ನನ್ನು ಅಳೆಯುವ ಗಜಕಡ್ಡಿಯನ್ನು ಅವಳ ಕೈಗೆ ಕೊಡಬೇಡ. ಅನ್ಯಭಾಷೆ ಬಾರದಿದ್ದರೇನು, ತರೀಕೆರೆ ಏರಿ ಮೇಲಿನ ಕರಿ ಕುರಿಮರಿಗಳ ಸಾಲನ್ನು ತಡವರಿಸದೆ ಹೇಳುವ ನಾಲಗೆ ನಿನ್ನದು. ಊರ ಹೆಸರು ಹೇಳಿದ ಕೂಡಲೇ ಹಾಸ್ಟೆಲಿನವರೆಲ್ಲ ಅದನ್ನೇ ಹೇಳಿಸುತ್ತಾರೆ ಎಂದು ನಿನ್ನಮ್ಮ ಹೇಳಿ ನಕ್ಕಳು.

ಕೊರಿಂಥ ಬಹಳ ದೂರ ಎಂದುಕೊಳ್ಳಬೇಡ. ನಮ್ಮ ಸುತ್ತಿನ ಒಂದು ಸಭೆಯ ಸಂಗತಿ ಹೇಳುತ್ತೇನೆ, ಊರೂ ಬೇಡ ಹೆಸರೂ ಬೇಡ. ತೋಟಕ್ಕೆ ನೀರು ಹಾಯಿಸುವ ಕಾಲುವೆಯ ವಿಚಾರಕ್ಕೆ ಎರಡು ಮನೆಯವರಿಗೆ ಜಗಳ ಹತ್ತಿ, ಕೇಸು ನಡೆದು, ಒಬ್ಬರು ಸೋತರು. ಭಾನುವಾರ ಎರಡೂ ಮನೆಯವರು ಬರುತ್ತಿದ್ದರು. ಒಬ್ಬರು ಬಲಗಡೆ ಬೆಂಚು, ಇನ್ನೊಬ್ಬರು ಎಡಗಡೆ. ಇಬ್ಬರೂ ಬಾಯಿ ತುಂಬ ಹಾಡುತ್ತಿದ್ದರು, ಒಂದೇ ಬಟ್ಟಲಿಂದ ಸಂಸ್ಕಾರ ತೆಗೆದುಕೊಳ್ಳುತ್ತಿದ್ದರು. ಸೋತ ಮನೆಯ ಮೇಲೆ ಬೇರೆ ಅಪವಾದಗಳೂ ಬಂದು ಸಭೆಯ ಅರ್ಧಕ್ಕರ್ಧ ಜನ ಅವರೊಡನೆ ಮಾತು ಬಿಟ್ಟಿದ್ದರು. ಅಷ್ಟರಲ್ಲಿ ಸುಗ್ಗಿ ಹಬ್ಬ ಬಂತು. ನೀನೇ ಕಂಡಿದ್ದೀಯಲ್ಲ, ಕಂಬಕ್ಕೆಲ್ಲ ಸಿಂಗಾರ ಕಟ್ಟಿ, ಮುಂದೆ ತೆಂಗು, ಬಾಳೆಗೊನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಯಾರೋ ಮಾಡಿ ತಂದ ಕೇಕು ಎಲ್ಲ ಇಟ್ಟು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಆ ಮನೆಯವರು ಕೊಟ್ಟ ಬಾಳೆಗೊನೆಯ ಸರದಿ ಬಂದಾಗ ಅಂಗಳದಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಹರಾಜು ಕೂಗುವ ಹುಡುಗ ಎರಡು ಸಲ ಕೂಗಿ ಸುಮ್ಮನೆ ನಿಂತ. ಮನೆಯ ಯಜಮಾನ ತಲೆ ತಗ್ಗಿಸಿಕೊಂಡು ಬೈಕಿನ ಬೀಗದ ಕೈ ಹುಡುಕುತ್ತಿದ್ದ.

ಆಗ ಹಿಂದಿನಿಂದ ಒಬ್ಬ ಮುದುಕಿ ಐವತ್ತು ರೂಪಾಯಿ ಎಂದಳು. ಮಿಷನ್ ಬೋರ್ಡಿಂಗಿನಲ್ಲಿ ಅಡುಗೆ ಮಾಡಿ ಜೀವ ಸವೆಸಿದವಳು. ಓದು ಬಾರದು, ಕೀರ್ತನೆಗಳನ್ನೆಲ್ಲ ಕೇಳಿ ಕೇಳಿಯೇ ಬಾಯಿಪಾಠ ಮಾಡಿಕೊಂಡವಳು. ಅದೇ ಮನೆಯವರು ಹಿಂದೊಮ್ಮೆ ಅವಳ ಮೇಲೆ ಕಳ್ಳತನದ ಗುಮಾನಿ ಹೊರಿಸಿದ್ದು ಅಲ್ಲಿದ್ದವರಿಗೆಲ್ಲ ಗೊತ್ತು. ಹುಡುಗ ಐವತ್ತು ಎಂದು ಕೂಗಿದ. ಅವಳೇ ಮತ್ತೆ ಅರವತ್ತು ಎಂದಳು. ಅಜ್ಜಿ, ಐವತ್ತೂ ನಿನ್ನದೇ ಅಲ್ಲವಾ ಎಂದು ಯಾರೋ ನಕ್ಕರು. ‘ಗೊನೆ ನೋಡ್ರಪ್ಪ, ಐವತ್ತಕ್ಕೆ ಹೋಗೋ ಗೊನೆಯಾ ಅದು?’ ಎಂದಳು. ಆಮೇಲೆ ಇನ್ನೊಬ್ಬರು ಎಂಬತ್ತು ಎಂದರು, ಮತ್ತೊಬ್ಬರು ನೂರು, ಹೀಗೇ ಏರಿತು. ಆ ಎರಡು ಮನೆಗಳು ರಾಜಿಯಾದವು ಎಂದು ಕತೆ ಮುಗಿಸಲು ನನಗೂ ಆಸೆ, ಆದರೆ ಅದಾಗಲಿಲ್ಲ. ಮೇಲಿನ ಕೋರ್ಟಿಗೂ ಹೋದರು. ಆದರೆ ಆ ಮನುಷ್ಯ ಅವತ್ತು ಊಟಕ್ಕೆ ನಿಂತ. ಸಭೆಯಲ್ಲಿ ಬೆಳೆದವರು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಆ ಮುದುಕಿ. ಕಮಿಟಿಯವರು ಬರುವುದಿಲ್ಲ, ಪ್ರಸಂಗ ಮಾಡುವವರೂ ಬರುವುದಿಲ್ಲ. ನಾನೂ ಕಮಿಟಿಯಲ್ಲಿದ್ದವನೇ.

ಅವಳಿಗೆ ಆ ಹೊತ್ತಿನಲ್ಲಿ ದರ್ಶನವೇನೂ ಆಗಿರಲಾರದು. ಎಷ್ಟೋ ವರ್ಷ ಸಣ್ಣಸಣ್ಣದರಲ್ಲಿ ನುಂಗಿಕೊಂಡು, ಬಿಟ್ಟುಕೊಟ್ಟು, ಕೇಳಿದ ಕೀರ್ತನೆಯನ್ನು ಒಲೆಯ ಮುಂದೆ ಗುನುಗಿಕೊಂಡು ಬಂದದ್ದು ಆ ಗಳಿಗೆಯಲ್ಲಿ ತಾನಾಗಿ ಹೊರಗೆ ಬಂತು. ಇಬ್ರಿಯರ ಪತ್ರಿಕೆ ಅಭ್ಯಾಸ ಎಂದದ್ದು ಇದನ್ನೇ ಎಂದು ನನ್ನ ತಿಳಿವಳಿಕೆ.

ನಮ್ಮ ಹಳೆ ಮೈಸೂರು ಸೀಮೆಯ ಪ್ರಾಟೆಸ್ಟೆಂಟ್ ಸಭೆಗಳು ಬಹುಪಾಲು ವೆಸ್ಲಿಯನ್ ಮಿಷನ್ನಿನಿಂದ ಬೆಳೆದು ಬಂದವು. ಆ ಹೆಸರಿನ ಜಾನ್ ವೆಸ್ಲಿಯ ಬಗ್ಗೆ ಭಾನುವಾರ ಶಾಲೆಯಲ್ಲಿ ಅರ್ಧ ಕತೆ ಮಾತ್ರ ಹೇಳಿಕೊಡುತ್ತಾರೆ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವನ ಹೃದಯ ಬೆಚ್ಚಗಾಯಿತು ಎಂಬಲ್ಲಿಗೆ ಮಂಗಳ ಹಾಡುತ್ತಾರೆ. ಮುಂದಿನದನ್ನು ಹೇಳುವುದಿಲ್ಲ. ಎಂಟು ತಿಂಗಳೂ ಕಳೆದಿರಲಿಲ್ಲ, 1739ರ ಜನವರಿಯಲ್ಲಿ ತನ್ನ ದಿನಚರಿಯಲ್ಲಿ ತಾನಿನ್ನೂ ಕ್ರೈಸ್ತನೇ ಅಲ್ಲ ಎಂದು ಬರೆದುಕೊಂಡ. ದೇವರ ಪ್ರೀತಿ, ಸಂತೋಷ, ಸಮಾಧಾನ ಇವು ತನ್ನಲ್ಲಿ ಎಷ್ಟಿವೆ ಎಂದು ತಡಕಾಡಿ, ಸಿಗಲಿಲ್ಲ ಎಂದು ಬರೆದ. ನಿನ್ನ ಹಾಗೆಯೇ ಅತ್ತನೋ ಏನೋ. ಆದರೆ ಮತ್ತೊಂದು ಬೆಚ್ಚಗಿನ ಸಂಜೆಗಾಗಿ ಕಾಯುತ್ತ ಕೂರಲಿಲ್ಲ. ಕುದುರೆ ಹತ್ತಿದ, ಗಣಿ ಕಾರ್ಮಿಕರ ಮುಂದೆ ಬಯಲಲ್ಲಿ ನಿಂತು ಮಾತಾಡಿದ, ಜೈಲುಗಳಿಗೆ ಹೋದ.

1742ರಲ್ಲಿ ಬ್ರಿಸ್ಟಲ್‌ನ ಸಭಾಮಂದಿರದ ಸಾಲ ತೀರಿಸಬೇಕಾಗಿತ್ತು. ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಒಬ್ಬೊಬ್ಬ ಮುಖಂಡ ವಾರ ವಾರ ಮನೆಮನೆಗೆ ಹೋಗಿ ಒಂದೊಂದು ಪೆನ್ನಿ ವಸೂಲು ಮಾಡಿ ತರುವುದು ಎಂದಾಯಿತು. ಹಾಗೆ ಹೋದವರಿಗೆ ಮನೆಯೊಳಗಿನ ಕುಡಿತ, ಹೊಡೆದಾಟ, ಕಾಯಿಲೆ ಎಲ್ಲ ಕಾಣತೊಡಗಿತು. ಸಾಲ ತೀರಿಸಲು ಶುರುವಾದದ್ದು ಒಬ್ಬರ ಆತ್ಮದ ಕ್ಷೇಮವನ್ನು ಇನ್ನೊಬ್ಬರು ವಿಚಾರಿಸುವ ಕೂಟವಾಯಿತು. ಮೆಥಡಿಸ್ಟರು ಬೆಳೆದದ್ದು ಆ ಕೂಟಗಳಲ್ಲಿ. ಒಬ್ಬಂಟಿಯಾಗಿ ಮೊಬೈಲಿನಲ್ಲಿ ಪ್ರಸಂಗ ಕೇಳುವುದು ತಪ್ಪಲ್ಲ ಪುಟ್ಟಿ, ನಾನೂ ಕೇಳುತ್ತೇನೆ. ಆದರೆ ಮೊಬೈಲು ನಿನ್ನನ್ನು ತಿರುಗಿ ಏನನ್ನೂ ಕೇಳುವುದಿಲ್ಲ.

ವೆಸ್ಲಿ ಕ್ರೈಸ್ತನ ಪರಿಪೂರ್ಣತೆಯ ಬಗ್ಗೆ ಒಂದು ಪುಸ್ತಕವನ್ನೇ 1766ರಲ್ಲಿ ಹೊರಡಿಸಿದ. ಪರಿಪೂರ್ಣತೆ ಎಂದರೆ ತಪ್ಪೇ ಮಾಡದ ಮನುಷ್ಯನಾಗುವುದಲ್ಲ, ದೇವರ ಮೇಲೂ ನೆರೆಯವನ ಮೇಲೂ ಪ್ರೀತಿ ತುಂಬಿ ಬೇರೆಯದಕ್ಕೆ ಜಾಗವಿಲ್ಲದಂತಾಗುವುದು ಎಂಬುದು ಅವನ ವಾದ. ಈ ವಿಷಯಕ್ಕೆ ಬಹಳ ಜನ ಅವನೊಡನೆ ಕಾದಾಡಿದರು. ತಾನು ಅದನ್ನು ಮುಟ್ಟಿದ್ದೇನೆ ಎಂದು ಮಾತ್ರ ಅವನು ಹೇಳಿಕೊಳ್ಳಲಿಲ್ಲ. 1791ರಲ್ಲಿ, 87ರ ವಯಸ್ಸಿನಲ್ಲಿ, ಸಾಯುವುದಕ್ಕೆ ಒಂದು ವಾರವೂ ಇಲ್ಲದಾಗ ಅವನು ಬರೆದ ಕೊನೆಯ ಕಾಗದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುವುದನ್ನು ಬಿಡಬೇಡ ಎಂದು. ಸಾಯುವ ಮುದುಕನಿಗೆ ತನ್ನ ಆತ್ಮದ ಚಿಂತೆ ಇರಬೇಕಾದ ಹೊತ್ತಿನಲ್ಲಿ ಯಾರದೋ ಬೇಡಿಯ ಚಿಂತೆ.

ಇನ್ನೊಬ್ಬರು ನಮ್ಮವರೇ, ಕನ್ನಡದವರು. ಉತ್ತಂಗಿ ಚನ್ನಪ್ಪನವರ ಹೆಸರನ್ನು ಶಾಲೆಯಲ್ಲಿ ಸರ್ವಜ್ಞನ ಪಾಠ ಮಾಡುವಾಗ ನಾನು ತಪ್ಪದೆ ಹೇಳುತ್ತಿದ್ದೆ. ಮಕ್ಕಳಿಗಿರಲಿ, ಎಷ್ಟೋ ಮೇಷ್ಟರಿಗೇ ಅವರು ಪಾದ್ರಿ ಎಂಬುದು ಗೊತ್ತಿರಲಿಲ್ಲ. 1881ರಲ್ಲಿ ಹುಟ್ಟಿ 1962ರಲ್ಲಿ ತೀರಿಕೊಂಡರು. ಬಾಸೆಲ್ ಮಿಷನ್ನಿನ ಸಭಾಪಾಲಕರು. ಜನರ ಬಾಯಲ್ಲೂ ಹಸ್ತಪ್ರತಿಗಳಲ್ಲೂ ಚೆಲ್ಲಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ, ಕೂಡಿಸಿ, ಪಾಠ ನೋಡಿ 1924ರಲ್ಲಿ ಅಚ್ಚು ಹಾಕಿಸಿದರು. ಅಷ್ಟಕ್ಕೇ ನಿಲ್ಲದೆ ಶರಣರ ವಚನಗಳನ್ನು ಅಭ್ಯಾಸ ಮಾಡಿದರು, ಅನುಭವಮಂಟಪ ನಿಜವಾಗಿಯೂ ಇತ್ತು ಎಂದು ವಾದಿಸಿ ಪುಸ್ತಕ ಬರೆದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತಿರುಳ್ಗನ್ನಡದ ತಿರುಕ ಎಂದು ಜನ ಪ್ರೀತಿಯಿಂದ ಕರೆದರು.

ಇದನ್ನು ನಾನು ಸಾಹಿತ್ಯದ ಅಭಿಮಾನಕ್ಕೆ ಹೇಳುತ್ತಿಲ್ಲ. ನಂಬಿಕೆ ಎಳೆಯದಾಗಿರುವಾಗ ಅದಕ್ಕೆ ಬಹಳ ಭಯ. ಪಕ್ಕದ ಮನೆಯ ಹಬ್ಬದ ಊಟ ಕಂಡರೆ ಭಯ, ಬೇರೆಯವರ ಪುಸ್ತಕ ಕಂಡರೆ ಭಯ, ಮೈಕಿನಲ್ಲಿ ಕೇಳಿದ ಹಾಡಿಗೂ ಭಯ. ಚನ್ನಪ್ಪನವರಿಗೆ ಆ ಭಯ ಇರಲಿಲ್ಲ. ಕ್ರಿಸ್ತನಲ್ಲಿ ಬೇರು ಬಿಟ್ಟಿದ್ದರಿಂದಲೇ ಸರ್ವಜ್ಞನ ಮುಂದೆ ಶಿಷ್ಯನಂತೆ ಕೂರಲು ಆಯಿತು ಎಂದು ನಾನು ನಂಬಿದ್ದೇನೆ. ಪಾದ್ರಿಗೆ ಇದೆಲ್ಲ ಯಾಕೆ ಎನ್ನುವವರು ಅಂದೂ ಇದ್ದಿರಬೇಕು, ಇಂದೂ ಇದ್ದಾರೆ. ನೀನು ಕೆಲಸ ಮಾಡುವ ವಾರ್ಡಿನಲ್ಲಿ ಒಂದು ಹಾಸಿಗೆಯವರ ತಲೆದಿಂಬಿನ ಕೆಳಗೆ ತಾಯತ ಇರುತ್ತದೆ, ಮತ್ತೊಬ್ಬರ ಕೈಯಲ್ಲಿ ಜಪಮಾಲೆ. ಅವರನ್ನು ಕಂಡು ನಿನ್ನ ಮುಖ ಬಿಗಿಯಬಾರದು.

ನಮ್ಮವರಲ್ಲಿ ಇನ್ನೊಂದು ಬಗೆಯ ಎಳಸುತನ ಇದೆ. ಅದು ಮದುವೆ ಮಾತು ಬಂದಾಗ ಹೊರಗೆ ಬೀಳುತ್ತದೆ. ಸಭೆಯಲ್ಲಿ ಎಲ್ಲರೂ ಒಂದೇ ದೇಹದ ಅಂಗಗಳು. ಸಂಬಂಧ ಬೆಳೆಸುವಾಗ ಮಾತ್ರ ಮುತ್ತಾತ ಯಾವ ಕೇರಿಯಿಂದ ಬಂದು ದೀಕ್ಷೆ ತೆಗೆದುಕೊಂಡ ಎಂಬ ವಿಚಾರಣೆ. ಪೇತ್ರನಂಥ ಪೇತ್ರನೇ ಅಂತಿಯೋಕ್ಯದಲ್ಲಿ ಅನ್ಯಜನರ ಪಂಕ್ತಿಯಲ್ಲಿ ಉಣ್ಣುತ್ತಿದ್ದವನು, ಯೆರೂಸಲೇಮಿನ ಕಡೆಯವರು ಬಂದ ಕೂಡಲೇ ಮೆಲ್ಲಗೆ ಎದ್ದು ಬೇರೆ ಪಂಕ್ತಿಗೆ ಹೋದ. ಪಂಚಾಶತ್ತಮ ದಿನದ ಬೆಂಕಿ ಕಂಡವನು ಅವನು! ಪೌಲ ಮುಖಕ್ಕೆ ಮುಖ ಕೊಟ್ಟು ಗದರಿಸಿದ್ದನ್ನು ಗಲಾತ್ಯದವರ ಪತ್ರಿಕೆಯಲ್ಲಿ ಓದು. ನಾಳೆ ನಿನ್ನ ಮದುವೆ ಮಾತು ಬಂದು ಮನೆಯಲ್ಲಿ ಯಾರಾದರೂ ಆ ಕೇರಿಯ ಪ್ರಶ್ನೆ ಎತ್ತಿದರೆ ನನಗೆ ಫೋನ್ ಮಾಡು. ಪೌಲನಷ್ಟು ಧೈರ್ಯ ನನಗಿಲ್ಲ, ಆದರೆ ವಯಸ್ಸಾಗಿದೆ, ನನ್ನ ಮಾತನ್ನು ತಳ್ಳಿಹಾಕುವುದು ಅವರಿಗೆ ಕಷ್ಟ.

ಈ ಸಲ ತೋಟ ಖೇಣಿಗೆ ಕೊಟ್ಟಾಯಿತು, ನನ್ನ ಕೈಲಿ ಇನ್ನು ಆಗುವುದಿಲ್ಲ. ನಮ್ಮ ಕಡೆ ಅಡಿಕೆಯನ್ನು ಹಣ್ಣಾಗಲು ಬಿಡುವುದಿಲ್ಲವಲ್ಲ. ಹಸಿರು ಇರುವಾಗಲೇ ಗೊನೆ ಇಳಿಸಿ, ಸುಲಿದು, ಬೇಯಿಸಿ, ಚೊಗರು ಕೊಟ್ಟು ಒಣಗಿಸಿದರೆ ಕೆಂಪಗೆ ಹೊಳೆಯುತ್ತದೆ, ಪೇಟೆಯಲ್ಲಿ ಬೆಲೆ ಅದಕ್ಕೇ. ಮರದಲ್ಲೇ ಹಣ್ಣಾದದ್ದು ಗೋಟು ಎಂದು ಬೇರೆ ಮೂಟೆಗೆ ಹೋಗುತ್ತದೆ. ಆದರೆ ಹೊಸ ತೋಟ ಹಾಕಲು ಬೀಜ ಬೇಕೆಂದಾಗ ಹಳೆಯ ಒಳ್ಳೆಯ ಮರ ಹುಡುಕಿಕೊಂಡು ಹೋಗಿ ಕೇಳುವುದು ಆ ಹಣ್ಣಡಿಕೆಯನ್ನೇ. ಕಾಯಿಗೆ ಎಷ್ಟು ಹೊಳಪು ಹತ್ತಿಸಿದರೂ ಅದು ಮೊಳೆಯುವುದಿಲ್ಲ. ಆ ಬೀಜ ಮೊಳೆತು, ಸಸಿಯಾಗಿ, ಫಸಲು ಕೊಡಲು ಐದಾರು ವರ್ಷ. ಇಪ್ಪತ್ತರ ಹುಡುಗಿಗೆ ಯಾಕೆ ಇಷ್ಟು ಅವಸರ?

ಅವಸರ ಬೇಡ ಎಂದರೆ ಸುಮ್ಮನೆ ಕೂರು ಎಂದಲ್ಲ. ರಾತ್ರಿ ಪಾಳಿಯಲ್ಲಿ ಮೂರು ಗಂಟೆಗೆ ಬೆಲ್ ಒತ್ತಿ ಬೈಯುವ ಮುದುಕರು ಇರುತ್ತಾರೆ ಎಂದು ಬರೆದಿದ್ದೀಯಲ್ಲ, ನಿನ್ನ ಅಭ್ಯಾಸ ಅಲ್ಲಿದೆ. ಅವರ ಹಾಸಿಗೆ ಬದಲಿಸುವಾಗ ಗೊಣಗದೆ ಇರಲು ಒಂದು ದಿನ ಸಾಧ್ಯವಾಗುತ್ತದೆ, ಮರುದಿನ ಆಗುವುದಿಲ್ಲ. ಆಗದ ದಿನವೂ ದೇವರ ಮುಂದೆ ಹೋಗು. ವೇದವನ್ನು ಚೂರುಚೂರಾಗಿ, ದಿನಕ್ಕೊಂದು ವಾಗ್ದಾನದ ವಚನ ಎಂದು ಓದಬೇಡ. ಒಂದು ಪತ್ರಿಕೆಯನ್ನು ಹಿಡಿದರೆ ಕಾಗದ ಓದುವ ಹಾಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದು. ಜೊತೆ ಕೆಲಸ ಮಾಡುವವಳ ತಪ್ಪನ್ನು ಅವಳಿಗೇ ಹೇಳು, ಬೇರೆಯವರ ಹತ್ತಿರ ಬೇಡ. ಎಫೆಸದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ, ಪ್ರೀತಿಯಿಂದ ಸತ್ಯ ನುಡಿಯುವುದಕ್ಕೂ ಬೆಳೆಯುವುದಕ್ಕೂ ಪೌಲ ನೇರ ಗಂಟು ಹಾಕುತ್ತಾನೆ. ಪ್ರೀತಿಯಿಲ್ಲದೆ ಸತ್ಯ ಹೇಳುವವರು ನಮ್ಮ ಸಭೆಯಲ್ಲಿ ಬೇಕಾದಷ್ಟು ಇದ್ದಾರೆ.

ಒಟ್ಟಿಗೆ ಬೆಳೆಯುವುದು ತಡವಾಗುತ್ತದೆ ಎಂಬುದೂ ಗೊತ್ತಿರಲಿ. ನಮ್ಮ ದಕ್ಷಿಣ ಇಂಡಿಯಾ ಸಭೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾಯಿತು. ಮಾತುಕತೆ ಶುರುವಾದದ್ದು 1919ರಲ್ಲಿ, ತರಂಗಂಬಾಡಿಯಲ್ಲಿ. ಬಿಷಪ್ಪರು ಬೇಕೆನ್ನುವವರು, ಬೇಡವೆನ್ನುವವರು ಒಂದು ಮೇಜಿಗೆ ಬರಲು 28 ವರ್ಷ. ಅದಕ್ಕಾಗಿ ಮೊದಲಿನಿಂದ ದುಡಿದ ದೋರ್ನಕಲ್ಲಿನ ಬಿಷಪ್ ಅಜರಯ್ಯನವರು 1945ರಲ್ಲೇ ತೀರಿಹೋಗಿದ್ದರು.

ನೀನು ವಾಟ್ಸಾಪಿನಲ್ಲಿ ಬರೆದದ್ದರ ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ‘ನಾನು ಬೆಳೆದೆ ಎಂದು ನನಗೆ ಹೇಗೆ ಗೊತ್ತಾಗುತ್ತದೆ?’ ಗೊತ್ತಾಗುವುದಿಲ್ಲ ಎಂದು ನನ್ನ ಅನುಮಾನ. ಪೌಲ ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದಾಗಲೂ ತಾನಿನ್ನೂ ಗುರಿ ಮುಟ್ಟಿಲ್ಲ, ಓಡುತ್ತಿದ್ದೇನೆ ಎಂದ. ನಮ್ಮಲ್ಲಿ ಪ್ರವೀಣರಾದವರು ಹೀಗೆಯೇ ಯೋಚಿಸಲಿ ಎಂದೂ ಸೇರಿಸಿದ. ಬೇರೆಯವರಿಗೆ ಮಾತ್ರ ಒಮ್ಮೊಮ್ಮೆ ಕಾಣುತ್ತದೆ. ಮಾರ್ಕನ ವಿಷಯ ನೆನಪಿದೆಯಾ? ಮೊದಲ ಪ್ರಯಾಣದಲ್ಲಿ ಪಂಫುಲ್ಯದಲ್ಲೇ ಬಿಟ್ಟು ಹೋದ ಹುಡುಗ. ಅವನನ್ನು ಮತ್ತೆ ಕರೆದುಕೊಂಡು ಹೋಗುವುದೇ ಬೇಡ ಎಂದು ಪೌಲ ಹಟ ಹಿಡಿದು, ಬಾರ್ನಬನಂಥ ಗೆಳೆಯನೊಡನೆ ಜಗಳವಾಡಿ ಬೇರೆಯಾದ. ಎಷ್ಟೋ ವರ್ಷದ ಮೇಲೆ, ಸಾವು ಹತ್ತಿರ ಬಂದಾಗ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಅಧ್ಯಾಯ ನೋಡು. ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ ತಾ, ಪುಸ್ತಕಗಳನ್ನು ತಾ, ಚಳಿಗಾಲಕ್ಕೆ ಮೊದಲೇ ಬಾ ಎನ್ನುತ್ತಾನೆ. ಅವುಗಳ ಜೊತೆಗೆ, ಬರುವಾಗ ಮಾರ್ಕನನ್ನೂ ಕರೆದುಕೊಂಡು ಬಾ, ಅವನು ನನಗೆ ಬೇಕಾದವನು ಎಂಬ ಮಾತಿದೆ. ಯಾರು ಬೆಳೆದರು ಇಲ್ಲಿ, ಮಾರ್ಕನೋ ಪೌಲನೋ? ನೀನು ಓದಿ ಯೋಚಿಸಿ ಬರೆ.

ದಸರಾ ರಜೆಗೆ ತಾಳಗುಪ್ಪ ರೈಲಿಗೆ ಈಗಲೇ ಟಿಕೆಟ್ ಮಾಡಿಸು, ಕೊನೆಗೆ ನಿಂತುಕೊಂಡು ಬರಬೇಡ. ಅಜ್ಜಿ ಕೇಳಿದರೂ ಮೈಸೂರು ಪಾಕ್ ತರಬೇಡ, ಅವಳಿಗೆ ಸಕ್ಕರೆ ಜಾಸ್ತಿಯಾಗಿದೆ. ನನಗೆ ಸಣ್ಣದೊಂದು ಪೊಟ್ಟಣ ತಂದರೆ ಅಡ್ಡಿಯಿಲ್ಲ.

ನಿನ್ನ ಪ್ರೀತಿಯ,
ತಾತ